ಊರಿನ ಇತಿಹಾಸವೆಲ್ಲ ಗುರುವಾರ

ಪೋರ್ಟ್ ಟ್ರೆವಾನಿನ ನಮ್ಮ ಪುಟ್ಟ ರೇಡಿಯೋದಲ್ಲಿ ದಿನಾ ಬೆಳಗ್ಗೆ ‘ದಕ್ಷಿಣ ಆಸ್ಟ್ರೇಲಿಯಾದಲ್ಲಿ ಈ ದಿನ’ ಓದುವವನು ನಾನು. ಸತ್ತ ಗವರ್ನರುಗಳ ದನಿಯಲ್ಲಿ, ಮೂಗಿನಿಂದಲೇ ಆಜ್ಞೆ ಹೊರಡಿಸುತ್ತೇನೆ. ಗವರ್ನರುಗಳು ಫೋನ್ ಮಾಡಿ ಆಕ್ಷೇಪಿಸುವುದಿಲ್ಲ. ನಮ್ಮೂರಿನ ಮರ್ವಿನ್ ಅಜ್ಜ ಮಾಡುತ್ತಾನೆ. ಪ್ರತಿ ಜುಲೈ ಹದಿಮೂರಕ್ಕೆ, ನಾನು ಮೈಕ್ ಆರಿಸುವ ಮೊದಲೇ.

ಆ ದಿನದ ಸಾಲು ಇಷ್ಟೇ: ಬಿರುಗಾಳಿಗೆ ಹಡಗು ನಿಲ್ಲುವ ನಮ್ಮ ಜೆಟ್ಟಿ ಮುರಿದುಬಿತ್ತು, ಕಾವಲುಗಾರ ಪರ್ಸಿ ಟ್ರೆಜೈಸ್ ಇಡೀ ರಾತ್ರಿ ಹಗ್ಗ ಹಿಡಿದು ಹಡಗಿನವರನ್ನು ದಡಕ್ಕೆಳೆದ. ಈ ಪರ್ಸಿ ಮರ್ವಿನಜ್ಜನ ಅಪ್ಪ. ಅಪ್ಪನನ್ನು ಹೊಗಳಿದರೂ ತಕರಾರೇ ಎಂದು ನನಗೆ ತಲೆ ಚಿಟ್ಟು ಹಿಡಿದಿತ್ತು. ಅಜ್ಜನ ಪ್ರಕಾರ ಅದು ನಡೆದದ್ದು ಹನ್ನೊಂದಕ್ಕೆ, ಮಂಗಳವಾರ ರಾತ್ರಿ. ತಾನು ಹುಟ್ಟಿದ ರಾತ್ರಿ. ಅಪ್ಪ ಹೆರಿಗೆಯ ಹೊತ್ತಿಗೆ ಮನೆಗೆ ಬಾರದಿದ್ದುದು ಅದಕ್ಕೇ. ಅಜ್ಜನ ಅಕ್ಕ ಊನಾ ಮಾತ್ರ, ಜೆಟ್ಟಿ ಬಿದ್ದಿದ್ದು ಹದಿಮೂರಕ್ಕಾದರೆ ಹನ್ನೊಂದಕ್ಕೆ ಅಪ್ಪ ಪಬ್ಬಿನಲ್ಲೇ ಇದ್ದ ಎಂದು ಹಂಗಿಸುತ್ತಾಳೆ. ಸಾಕ್ಷಿಗೆ ನನ್ನ ಕಾರ್ಯಕ್ರಮ.

“ಎಂಬತ್ತಕ್ಕೆ ಬಂದೆ ಕಣೋ,” ಎಂದ ಈ ಸಲ. “ನಾನು ಹುಟ್ಟೋವಾಗ ನಮ್ಮಪ್ಪ ಕುಡೀತಾ ಕೂತಿದ್ದ ಅಂತ ಇನ್ನೆಷ್ಟು ವರ್ಷ ರೇಡಿಯೋದಲ್ಲಿ ಸಾರ್ತೀಯ?”

ಈ ಕಾಟ ಒಮ್ಮೆ ಮುಗಿಯಲೆಂದು ಲೈಬ್ರರಿಗೆ ಹೋಗಿ ನಮ್ಮೂರಿನ ಹಳೇ ಪತ್ರಿಕೆ ತೆಗೆಸಿದೆ. ಸುದ್ದಿ ಹದಿಮೂರರ ಸಂಚಿಕೆಯಲ್ಲೇ ಇತ್ತು. ಗೆದ್ದೆ ಎಂದುಕೊಂಡು ಸುಮ್ಮನೆ ಬೇರೆ ಸಂಚಿಕೆಗಳನ್ನೂ ತಿರುವಿದೆ. ಬ್ಯಾಂಕಿಗೆ ಬೆಂಕಿ: ಗುರುವಾರ. ಮೊದಲ ರೈಲು: ಗುರುವಾರ. ತಿಮಿಂಗಿಲ ದಡಕ್ಕೆ ಬಂದದ್ದು, ಅದೂ ಗುರುವಾರ. ವಾರದ ಉಳಿದ ದಿನ ಊರೇನು ಮಲಗಿತ್ತೇ? ಆಗ ಹೊಳೆಯಿತು: ರಾಜಧಾನಿ ಅಡಿಲೇಡಿನ ಪತ್ರಿಕೆ ದಿನಾ ಬರುತ್ತಿತ್ತು. ನಮ್ಮೂರಿನದು ವಾರಕ್ಕೊಮ್ಮೆ, ಗುರುವಾರ. ಹಿಂದೆ ಈ ಕಾರ್ಯಕ್ರಮಕ್ಕೆ ಘಟನೆ ಕೂಡಿಸಿದ ಮಹಾಶಯರು ಪತ್ರಿಕೆಯ ನೆತ್ತಿಯ ಮೇಲಿದ್ದ ತಾರೀಕನ್ನೇ ಘಟನೆಗಳಿಗೆಲ್ಲ ತೊಡಿಸಿಬಿಟ್ಟಿದ್ದರು. ಸುದ್ದಿಯ ಒಳಗೆ ‘ಮಂಗಳವಾರ ರಾತ್ರಿ’ ಎಂದು ಕಣ್ಣಿಗೆ ಹೊಡೆಯುವಂತಿತ್ತು. ಒಳಗೆ ಓದಿದವರು ಯಾರು? ನಾನೂ ಓದಿರಲಿಲ್ಲ.

ಮರುದಿನ ಗವರ್ನರುಗಳನ್ನು ಬಿಟ್ಟು ನನ್ನ ದನಿಯಲ್ಲೇ ತಿದ್ದುಪಡಿ ಓದಿದೆ. ತಕ್ಷಣ ಫೋನ್. ಊನಜ್ಜಿ.

“ಮಂಗಳವಾರ ಅಂದೆ, ಒಪ್ಕೊಂಡೆ. ಅಪ್ಪ ಮನೆಗೆ ಬಂದಿದ್ದು ಶುಕ್ರವಾರ. ನಾನೇ ಬಾಗಿಲು ತೆಗ್ದಿದ್ದು. ಬುಧವಾರ, ಗುರುವಾರ ಯಾವ ಹಗ್ಗ ಹಿಡ್ಕೊಂಡಿದ್ನಂತೆ?”

ಇನ್ನು ಮುಂದಿನ ಜುಲೈಗೂ ನೆಮ್ಮದಿಯಿಲ್ಲ ಎಂದು ಹಲ್ಲು ಕಚ್ಚಿಕೊಂಡು ಮರ್ವಿನಜ್ಜನಿಗೆ ಫೋನ್ ಮಾಡಿದೆ. ಅಕ್ಕನ ಮಾತನ್ನು ಅಕ್ಕನ ಗಂಟಲಲ್ಲೇ ಒಪ್ಪಿಸಿದೆ.

“ಆ ಎರಡು ದಿನ ಅವಳೇ ಇಟ್ಕೊಳ್ಲಿ ಬಿಡು,” ಎಂದ ಅಜ್ಜ. “ನಂಗೆ ಮಂಗಳವಾರ ಸಾಕು.”