ಮುಂದಿನ ಉಪನ್ಯಾಸಕ್ಕೊಂದು ಚಿತ್ರ

ನಗು ಬರಬೇಕಾದ ಕಡೆ ನಗು ಬಂತು.

"ಸೊಂಟಕ್ಕೆ ಟೇಪು, ಬಾಯಿಗೆ ಬೀಗ, ಎದೆಯೊಳಗೆ ಹಿಡಿದಿಟ್ಟ ಉಸಿರು. ಸೌಂದರ್ಯ ಸ್ಪರ್ಧೆ ಅಂದರೆ ಇಷ್ಟೆ," ಎಂದು ಅವಳು ಹೇಳಿದ್ದೇ ತಡ, ಗ್ರಂಥಾಲಯದ ಸಭಾಂಗಣ ಘೊಳ್ಳೆಂದಿತು. ನಗು ಇಳಿಯಲೆಂದು ಅವಳು ನೀರಿನ ಲೋಟ ಎತ್ತಿಕೊಂಡಳು. ಹೆಣ್ಣಿನ ಮೈಯ ಚರಿತ್ರೆ ಕುರಿತ ಸಾರ್ವಜನಿಕ ಉಪನ್ಯಾಸಗಳ ಈ ಸಾಲಿನಲ್ಲಿ ಇದು ಎರಡನೆಯದು. ಕಳೆದ ವಾರ ಹಚ್ಚೆಯ ಬಗ್ಗೆ ಮಾತಾಡಿದಾಗಲೂ ಹೀಗೆಯೇ ಲೋಟ ಎತ್ತಿದ್ದಳು. ಎಲ್ಲಿ ಎತ್ತಬೇಕೆಂದು ಮೊದಲೇ ಗೊತ್ತಿರುತ್ತಿತ್ತು.

ಲೋಟದ ಅಂಚಿನ ಮೇಲಿಂದ, ಕೊನೆಯ ಸಾಲಿನಲ್ಲಿ, ನಗದೆ ಕೂತ ಒಂದು ಮುಖ ಕಂಡಿತು. ಅಕ್ಕ.

ನೀರು ನೆತ್ತಿಗೇರಿತು.

ಎಲ್ಲಿ ಉಪನ್ಯಾಸವಿದ್ದರೂ ಅವಳು ಅಕ್ಕನ ಮೊಬೈಲಿಗೆ ಆಹ್ವಾನ ಕಳಿಸುತ್ತಿದ್ದಳು. ಅತ್ತಲಿಂದ ಕೈಮುಗಿದ ಒಂದು ಚಿತ್ರ ಬರುತ್ತಿತ್ತು, ಅಕ್ಕ ಬರುತ್ತಿರಲಿಲ್ಲ. ಆದರೂ ಬಾಗಿಲು ಸದ್ದಾದಾಗಲೆಲ್ಲ ಅವಳ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಜನ ಅದನ್ನು ಅವಳ ಶೈಲಿ ಎಂದುಕೊಂಡಿದ್ದರು.

ಹರೆಯದಲ್ಲಿ ಅಕ್ಕ ಊರಿನ ಸ್ಪರ್ಧೆಯೊಂದರಲ್ಲಿ ಎರಡನೆಯವಳಾಗಿ ಬಂದಿದ್ದಳು. ಊರೆಲ್ಲ ಬಾಯಿಬಿಟ್ಟು ನೋಡಿತ್ತು. ಅಪ್ಪ ಮಾತ್ರ ನೋಡಲಿಲ್ಲ. ಆಮೇಲೆ ಯಾವತ್ತೂ ಅವಳತ್ತ ನೋಡಲಿಲ್ಲ. ಅಕ್ಕ ಬೇರೆ ಊರಿಗೆ ಹೋಗಿ, ಇನ್ನೊಬ್ಬರ ಕೂದಲು ಕತ್ತರಿಸುವ ಕೆಲಸ ಹಿಡಿದಳು. ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಕ್ಕ ಉಸಿರು ಬಿಗಿಹಿಡಿಯುತ್ತಿದ್ದಳು, ತಂಗಿ ಟೇಪು ಸುತ್ತುತ್ತಿದ್ದಳು. "ಬೇಗ ಹೇಳೇ ಚೋಟು, ಸಾಯ್ತಿದೀನಿ!" ಇದ್ದದ್ದಕ್ಕಿಂತ ಒಂದಿಂಚು ಕಡಿಮೆ ಹೇಳಿದರೆ ಅಕ್ಕ ಅವಳನ್ನು ಎತ್ತಿ ಗಿರ್ರನೆ ತಿರುಗಿಸುತ್ತಿದ್ದಳು. ಅಮ್ಮನಿಗೆ ಕೇಳಿಸದಂತೆ ಇಬ್ಬರೂ ಅಕ್ಕನ ಸೆರಗಿಗೆ ಬಾಯಿ ಒತ್ತಿಕೊಂಡು ನಗುತ್ತಿದ್ದರು.

ಆ ನಗು ಉಪನ್ಯಾಸದಲ್ಲಿ ಇರಲಿಲ್ಲ.

"ಹಾಗಾದ್ರೆ ಮೇಡಂ, ಚೆನ್ನಾಗಿ ಕಾಣಬೇಕು ಅನ್ನೋದೇ ತಪ್ಪಾ?" ಎಂದು ಕೊನೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಎದ್ದು ಕೇಳಿದರು. ಅವಳು ಏನೋ ಹೇಳಿದಳು. ಚಪ್ಪಾಳೆ ಬಿತ್ತು. ಏನು ಹೇಳಿದೆನೆಂದು ಮೆಟ್ಟಿಲಿಳಿಯುವಾಗ ನೆನಪಾಗಲಿಲ್ಲ.

ಅಕ್ಕ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಸೊರಗಿದ್ದಳು.

"ಚೆನ್ನಾಗಿ ಮಾತಾಡಿದೆ. ಎಲ್ಲರೂ ನಕ್ಕರು."

"ನೀನು ನಗಲಿಲ್ಲ."

"ಟೇಪು ಹಿಡಿದಿದ್ದು ಯಾರು ಅಂತ ನೀನು ಹೇಳಲಿಲ್ವಲ್ಲ."

"ಅಕ್ಕ, ಅದು..."

"ಬಿಡೇ ಚೋಟು. ಮುಖ ತೊಳ್ಕೋಬೇಕು. ಎಲ್ಲಿ?"

ಚೋಟು. ಹಾಗೆ ಕರೆಯುವವರು ಈಗ ಭೂಮಿಯ ಮೇಲೆ ಇವಳೊಬ್ಬಳೇ ಉಳಿದಿದ್ದಳು. ಇನ್ನೊಮ್ಮೆ ಕರೆಯಲಿ ಎಂದು ಕಾಯುತ್ತ ಅವಳು ಅಕ್ಕನ ಹಿಂದೆಯೇ ಕೈತೊಳೆಯುವ ಕೋಣೆಗೆ ನಡೆದಳು.

ಒಳಗೆ ಯಾರೂ ಇರಲಿಲ್ಲ. ಅಕ್ಕ ಮುಖ ಒರೆಸಿಕೊಂಡು, ಬಾಗಿಲ ಚಿಲಕ ಹಾಕಿದಳು.

"ಒಂದು ತೋರಿಸ್ತೀನಿ. ಗಾಬರಿಯಾಗಬೇಡ."

ಅಂಗಿಯ ಗುಂಡಿಗಳನ್ನು ಬಿಚ್ಚಿದಳು. ಎಡಗಡೆ ಮೊಲೆ ಇರಲಿಲ್ಲ. ಸಪಾಟಾದ ಎದೆಯ ಮೇಲೆ ಉದ್ದನೆಯ ಗಾಯದ ಗೆರೆ. ಆ ಗೆರೆಯನ್ನೇ ಹಿಡಿದುಕೊಂಡು ಕಂಕುಳಿಂದ ಹೊರಟ ಒಂದು ಹಸಿರು ಬಳ್ಳಿ. ಹಚ್ಚೆ ಇನ್ನೂ ಹೊಸದು. ಎಲೆಗಳ ಅಂಚು ಕೆಂಪಗಿತ್ತು.

"ಯಾವಾಗ?"

"ಹೋದ ವರ್ಷ ತೆಗೆದರು. ಬಳ್ಳಿ ಹಾಕಿಸ್ಕೊಂಡಿದ್ದು ಮೊನ್ನೆ."

"ನಂಗೆ ಯಾಕೆ ಹೇಳಲಿಲ್ಲ?"

"ಹೇಳೋಕೇ ಬಂದಿದೀನಲ್ಲ. ಕನ್ನಡೀಲಿ ಒಬ್ಬಳೇ ನೋಡಿ ನೋಡಿ ಸಾಕಾಯ್ತು ಕಣೇ. ಹೇಗಿದೆ?"

ಅವಳಿಗೆ ಆ ಬಳ್ಳಿಯ ಮೇಲೆ ಅಂಗೈ ಇಡಬೇಕೆನಿಸಿತು. ಅಲ್ಲೇ ಮುಖವಿಟ್ಟು ಅಳಬೇಕೆನಿಸಿತು. ಇಷ್ಟು ವರ್ಷ ಬಾಗಿಲ ಕಡೆ ನೋಡಿದ್ದು ಇದಕ್ಕೇ ಎನಿಸಿತು. ಕೈ ಮೇಲೆದ್ದಿತು ಕೂಡ. ಬಾಯಿಂದ ಬಂದ ಮಾತು ಬೇರೆಯದಾಗಿತ್ತು.

"ಒಂದು ಫೋಟೊ ತೆಗೀಲಾ? ಮುಖ ಬರಲ್ಲ. ಮುಂದಿನ ಉಪನ್ಯಾಸಕ್ಕೆ..."

ಅಕ್ಕ ಅವಳನ್ನೇ ನೋಡಿದಳು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಗಲ್ಲ ಎತ್ತಿ, ಹೊಟ್ಟೆ ಒಳಗೆಳೆದು, ಉಸಿರು ಬಿಗಿಹಿಡಿದು ನಿಂತಳು.

"ತೆಗಿ."

ಅವಳು ತೆಗೆದಳು.

"ಚೆನ್ನಾಗಿ ಬಂತಾ?"

"ಹೂಂ."

"ಸರಿ. ಬಸ್ಸಿಗೆ ಹೊತ್ತಾಯ್ತು."

"ಮನೆಗೆ ಬಾ ಅಕ್ಕ."

"ಬರ್ತೀನಿ, ಇನ್ನೊಂದ್ಸಲ." ಒಂದೊಂದೇ ಗುಂಡಿ ಹಾಕಿಕೊಂಡು ಅಕ್ಕ ಹೊರಟಳು. ಹೋಗುವಾಗ ಚೋಟು ಎನ್ನಲಿಲ್ಲ.

ಸಂಘಟಕರು ಹೂಗುಚ್ಛ ಹಿಡಿದು ಅಡ್ಡ ಬಂದರು. ಅವರಿಂದ ಬಿಡಿಸಿಕೊಂಡು ಅವಳು ಬೀದಿಗೆ ಓಡಿಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಯಾವ ಕಿಟಕಿಯಲ್ಲಿ ಅಕ್ಕನೆಂದು ತಿಳಿಯದೆ ಎಲ್ಲ ಕಿಟಕಿಗಳಿಗೂ ಕೈ ಬೀಸಿದಳು. ಯಾರೋ ಗಂಡಸೊಬ್ಬ ತಿರುಗಿ ಕೈ ಬೀಸಿದ.

ನಡೆಯುತ್ತ ನಡೆಯುತ್ತ ಹಚ್ಚೆ ಅಂಗಡಿಯೆದುರು ಬಂದಿದ್ದಳು. ಕಳೆದ ವಾರದ ಉಪನ್ಯಾಸಕ್ಕೆ ಮಾಹಿತಿ ಕೊಟ್ಟಿದ್ದ ಹಚ್ಚೆಯವಳು ಗುರುತು ಹಿಡಿದು ಕುರ್ಚಿ ಒರೆಸಿದಳು.

"ಬನ್ನಿ ಮೇಡಂ. ಇವತ್ತು ಏನು ಕೇಳೋಕೆ ಬಂದ್ರಿ?"

"ಹಾಕಿಸ್ಕೊಳ್ಳೋಕೆ."

"ಅಯ್ಯೋ, ಬಹಳ ಸಂತೋಷ! ಎಲ್ಲಿ ಹಾಕ್ಲಿ?"

ಎಲ್ಲಿ? ಅವಳು ತನ್ನ ತೋಳನ್ನು ನೋಡಿಕೊಂಡಳು, ಮಣಿಕಟ್ಟನ್ನು ನೋಡಿಕೊಂಡಳು. ಯಾವುದೂ ತನ್ನದೆನಿಸಲಿಲ್ಲ. ಮೇಜಿನ ಮೇಲೆ ಮೈಬಣ್ಣದ ಹಾಳೆಯೊಂದು ಬಿದ್ದಿತ್ತು. ಅದರ ಮೇಲೆ ಅರ್ಧ ಬರೆದ ಒಂದು ಹೂವು.

"ಅದೇನು?"

"ಅದಾ? ರಬ್ಬರ್ ಚರ್ಮ ಮೇಡಂ. ಕೈ ಪಳಗಿಸೋಕೆ ಇಟ್ಕೊಂಡಿರ್ತೀವಿ."

ಹಚ್ಚೆಯವಳು ಸೂಜಿ ತರಲು ಒಳಗೆ ಹೋದಳು. ಒಬ್ಬಳೇ ಉಳಿದ ಅವಳು ಆ ಹಾಳೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಮೆಲ್ಲಗೆ ಒತ್ತಿದಳು. ಕೊಂಚ ಹೊತ್ತಿಗೆ ಅವಳದೇ ಕಾವು ಏರಿ ಅದು ಬೆಚ್ಚಗಾಯಿತು, ನಿಜವಾದ ಮೈಯಷ್ಟೇ ಬೆಚ್ಚಗಾಯಿತು.

"ಎಲ್ಲಿ ಅಂತ ಹೇಳಲೇ ಇಲ್ಲ ಮೇಡಂ," ಎಂಬ ದನಿ ಒಳಗಿನಿಂದ ಬಂತು.

ಅವಳು ಕೈ ತೆಗೆಯಲಿಲ್ಲ.