ರಾಡಿನ ಮೇಲೆ ಕೊರೆದ ಹೆಸರು

ನನ್ನ ತಮ್ಮನಿಗೆ ಹೆಂಡತಿಯ ಮೇಲೆ ಪ್ರೀತಿ ಜಾಸ್ತಿ. ಇರಲಿ, ಯಾರು ಬೇಡ ಅಂದರು? ಆದರೆ ಅದನ್ನು ತಂದು ಎಂಜಿನ್ನಿನೊಳಗೆ ಹಾಕಿದರೆ ನನ್ನ ಪಿತ್ತ ನೆತ್ತಿಗೇರುತ್ತದೆ.

ಶೆಡ್ಡು ನಮ್ಮಿಬ್ಬರದು. ಎಂಜಿನ್ ಬಿಚ್ಚಿ ಕಟ್ಟುವುದು ಅಕ್ಕನಾದ ನಾನು, ಉಜ್ಜಿ ನಯ ಮಾಡುವುದು ಅವನು. ಆ ಕೈಚಳಕ ನನಗಿಲ್ಲ, ಅವನೆದುರು ಹೇಳುವುದಿಲ್ಲ ಅಷ್ಟೆ. ಅವನ ಹೆಂಡತಿ, ಅಂದರೆ ನನ್ನ ನಾದಿನಿ, ರೇಸಿನಲ್ಲಿ ಕಾರು ಓಡಿಸುತ್ತಾಳೆ. ಅವಳ ರೇಸಿನ ನಿಯಮ ಬಲು ಕಟ್ಟುನಿಟ್ಟು. ಎಂಜಿನ್ನಿನೊಳಗಿನ ಭಾಗಗಳೆಲ್ಲ ಕಾರಿನ ಜೊತೆ ಬಂದವೇ ಆಗಿರಬೇಕು. ಬೇರೆ ತಂದು ಹಾಕುವ ಹಾಗಿಲ್ಲ, ಇರುವುದನ್ನೇ ಗಟ್ಟಿ ಮಾಡಿಕೊಳ್ಳಬಹುದು.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಹಿಡಿದಿಡುವ ಕನೆಕ್ಟಿಂಗ್ ರಾಡು, ಮನೆಯಿಂದ ಅಂಗಡಿಗೆ ಹೋಗಿಬರುವ ಕಾರಿನಲ್ಲಿ ನೂರು ವರ್ಷ ಬೇಕಾದರೂ ಬಾಳೀತು. ರೇಸಿನ ವೇಗದಲ್ಲಿ ಹಾಗಲ್ಲ. ಮೈಮೇಲೆ ಒಂದು ಗೀರಿದ್ದರೆ ಸಾಕು, ಬಿರುಕು ಅಲ್ಲಿಂದಲೇ ಶುರು. ತುಂಡಾದ ರಾಡು ಎಂಜಿನ್ನಿನ ಹೊಟ್ಟೆ ಸೀಳಿಕೊಂಡು ಹೊರಬರುತ್ತದೆ, ಚೆಲ್ಲಿದ ಎಣ್ಣೆಯ ಮೇಲೆ ಕಾರು ಜಾರುತ್ತದೆ. ಒಳಗೆ ಕೂತವಳು ನಮ್ಮವಳು. ಅದಕ್ಕೇ ಅಚ್ಚಿನಿಂದ ಬಂದ ಏಣುಗಳನ್ನು ತೆಗೆದು, ಉದ್ದುದ್ದಕ್ಕೆ ಉಜ್ಜಿ ನಯ ಮಾಡಿ, ಆಮೇಲೆ ಸಣ್ಣ ಉಕ್ಕಿನ ಗುಂಡುಗಳಿಂದ ಮೈಯೆಲ್ಲ ಬಡಿಸಿ ಬಿಗಿ ಮಾಡಬೇಕು. ನಾಲ್ಕು ರಾಡಿನ ತೂಕವೂ ಒಂದೇ ಇರಬೇಕು.

ಉಜ್ಜುವ ಕೆಲಸ ಮುಗಿಸಿ ತಮ್ಮ ನಾಲ್ಕನ್ನೂ ಬಟ್ಟೆಯ ಮೇಲೆ ಸಾಲಾಗಿಟ್ಟ. ಹೊಳಪು ನೋಡಿಯೇ ನನಗೆ ಹೊಟ್ಟೆ ತುಂಬಿತು. ಒಂದನ್ನು ಎತ್ತಿ ತಿರುಗಿಸಿದೆ. ಸಣಕಲು ನಡುವಿನಲ್ಲೇ ಒಂದು ಅಕ್ಷರ ಕೊರೆದಿತ್ತು. ಇನ್ನೊಂದರ ಮೇಲೆ ಇನ್ನೊಂದಕ್ಷರ. ನಾಲ್ಕನ್ನೂ ಕೂಡಿಸಿ ಓದಿದರೆ ನಾದಿನಿಯ ಹೆಸರು.

“ಏನೋ ಇದು?”

“ಒಳಗಿರುತ್ತಲ್ಲ ಅಕ್ಕ, ಯಾರಿಗೂ ಕಾಣಲ್ಲ.”

“ಗೀರು ಬಿದ್ದ ಕಡೆ ಮುರಿಯುತ್ತೆ ಅಂತ ಊರಿಗೆಲ್ಲ ಪಾಠ ಹೇಳ್ತೀಯ. ನಿನ್ನ ಬುದ್ಧೀನ ಎಲ್ಲಿ ಅಡ ಇಟ್ಟಿದ್ದೆ?”

ತಮ್ಮ ತಲೆ ಎತ್ತಲಿಲ್ಲ. “ಅವಳು ಗಾಡಿ ಹತ್ತಿದ್ರೆ ನನ್ನ ಜೀವ ಬಾಯಿಗೆ ಬರುತ್ತೆ. ಅದಕ್ಕೇ ರೇಸ್ ನೋಡೋಕೂ ಬರಲ್ಲ. ಹೆಸರಿದ್ರೆ ಕಾಪಾಡುತ್ತೆ ಅನ್ನಿಸ್ತು.”

ಕೋಪದ ಜೊತೆಗೇ ಅಯ್ಯೋ ಪಾಪ ಅನ್ನಿಸಿತು. “ಕಾಪಾಡೋದು ನಿನ್ನ ಕೆಲಸ ಕಣೋ, ಹೆಸರಲ್ಲ,” ಅಂದೆ.

ನಾದಿನಿ ಯಾವಾಗ ಬಾಗಿಲಿಗೆ ಬಂದಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು. ರಾಡುಗಳನ್ನು ಒಂದೊಂದಾಗಿ ಎತ್ತಿ ಓದಿ ನಕ್ಕಳು. “ಮದುವೆಯಾದಾಗಿಂದ ಇವರು ನನಗೆ ಬರೆದಿದ್ದು ಇದೊಂದೇ ಅತ್ತಿಗೆ. ಇದನ್ನೂ ಅಳಿಸಿಬಿಡ್ತೀರಾ?”

“ಅಳಿಸದಿದ್ರೆ ಕೊನೇದೂ ಇದೇ ಆಗುತ್ತೆ.”

ನನ್ನ ನಾಲಿಗೆಗೆ ಮೂಳೆಯಿಲ್ಲ. ಅವಳ ನಗು ನಿಂತಿತು. ತಮ್ಮ ಅವಳ ಕೈಯಿಂದ ರಾಡು ತೆಗೆದುಕೊಂಡು ಹೋಗಿ ಮತ್ತೆ ಉಜ್ಜಲು ಕೂತ.

ಅಕ್ಷರದ ಗುರುತೂ ಉಳಿಯದ ಹಾಗೆ ಉಜ್ಜಿದ. ಬಣ್ಣದ ದ್ರಾವಣ ಸವರಿ ಬಿರುಕು ಹುಡುಕಿದ. ಒಂದು ರಾಡು ಹೆಚ್ಚು ಸವೆದು ಹಗುರಾಯಿತೆಂದು ಉಳಿದ ಮೂರನ್ನೂ ಅದರ ತೂಕಕ್ಕಿಳಿಸಿದ. ಊಟಕ್ಕೆ ಕರೆದರೂ ಏಳಲಿಲ್ಲ. ಉಕ್ಕಿನ ಗುಂಡುಗಳಿಂದ ಬಡಿಸಿ ತಂದ ಮೇಲೆ ನಾನು ಭೂತಗನ್ನಡಿ ಹಿಡಿದು ನೋಡಿದೆ, ಬೈಯುವುದಕ್ಕೆ ಒಂದು ನೆಪವೂ ಸಿಗಲಿಲ್ಲ. ಎಂಜಿನ್ ಕಟ್ಟಿ ಕಾರಿಗೆ ಕೂರಿಸಿದೆವು.

ರೇಸಿನ ದಿನ ತಮ್ಮ ಮೊದಲ ಬಾರಿಗೆ ನಮ್ಮ ಜೊತೆ ಹೊರಟ. ಬೇಲಿಯ ಸರಳು ಹಿಡಿದು, ಕಣ್ಣು ಮುಚ್ಚಿ ನಿಂತ.

“ಕಣ್ಣು ಬಿಡೋ, ಪುಕ್ಕಲ.”

“ಕೇಳಿಸ್ಕೊಳ್ತಿದ್ದೀನಿ, ಸುಮ್ನಿರು.”

ಪ್ರತಿ ಸುತ್ತಿನಲ್ಲೂ ಎಂಜಿನ್ ಒಂದೇ ದನಿಯಲ್ಲಿ ಹಾಡಿಕೊಂಡು ನಮ್ಮೆದುರು ಹಾದುಹೋಯಿತು. ಕೊನೆಯ ಸುತ್ತಿನವರೆಗೂ ಎರಡನೆಯವಳಾಗಿದ್ದ ನಾದಿನಿ ಮೂರನೆಯವಳಾಗಿ ಮುಗಿಸಿದಳು. ನನಗೆ ಅದೇ ಹಿಗ್ಗು. ಅವಳು ಹೆಲ್ಮೆಟ್ ತೆಗೆದು ಹೇಳಿದಳು: “ಎಂಜಿನ್ ಇನ್ನೂ ವೇಗ ಕೊಡ್ತಿತ್ತು ಅತ್ತಿಗೆ. ಕೊನೇ ಸುತ್ತಲ್ಲಿ ಇವರು ಕಣ್ಣು ಮುಚ್ಕೊಂಡು ನಿಂತಿದ್ದು ಕಾಣಿಸ್ತು. ಆಕ್ಸಿಲರೇಟರ್ ಮೇಲಿನ ಕಾಲು ತಾನಾಗೇ ಸಡಿಲ ಆಯ್ತು.”

ತಮ್ಮ ಕಾವಿಳಿಯದ ಬಾನೆಟ್ಟಿನ ಮೇಲೆ ಕೈಯಿಟ್ಟ. ಆಮೇಲೆ ಹೆಂಡತಿಯ ಮುಖ ನೋಡಿದ.

“ಮುಂದಿನ ಸಲ ಪೂರ್ತಿ ಒತ್ತು,” ಅಂದ. “ತಡ್ಕೊಳ್ಳುತ್ತೆ.”