ಯಾರ ಪಾತ್ರೆ ಎತ್ತುತ್ತೀರಿ?

ನಮ್ಮ ಗುಡ್ಡದಲ್ಲಿ ಊಟಕ್ಕೆ ಸಾಲು ನಿಲ್ಲುವುದು ಮನುಷ್ಯರಲ್ಲ, ಪಾತ್ರೆಗಳು. ಬೆಳಗ್ಗೆ ಲಿಮಾ ಪೇಟೆಗೆ ಕೆಲಸಕ್ಕೆ ಇಳಿಯುವ ಮುಂಚೆ ಪ್ರತಿ ಮನೆಯವರೂ ತಮ್ಮ ಹೆಸರು ಬರೆದ ಖಾಲಿ ಪಾತ್ರೆಯನ್ನು ನಮ್ಮ ಸಾಮೂಹಿಕ ಅಡುಗೆಮನೆಯ ಮುಂದೆ ಇಟ್ಟು ಹೋಗುತ್ತಾರೆ. ಅದನ್ನು ಬೇರೆಯವರು ಮುಟ್ಟುವಂತಿಲ್ಲ. ಮುಟ್ಟಿದರೆ ಜಗಳ ಗ್ಯಾರಂಟಿ. ಶುರು ಮಾಡುವವಳು ನಾನೇ, ಯಾಕೆಂದರೆ ಸೌಟು ಇರುವುದು ನನ್ನ ಕೈಯಲ್ಲಿ.

ಪುರಸಭೆಯ ಇಂಜಿನಿಯರ್ ಬುಸ್ತಿಲ್ಲೋಸ್ ಹೋದ ಸಲ ಬಂದಾಗ "ವ್ಯವಸ್ಥೆ ಅಚ್ಚುಕಟ್ಟು ಮಾಡ್ತೀವಿ" ಅಂದಿದ್ದ. ಅಚ್ಚುಕಟ್ಟು ಯಾರಿಗೆ ಬೇಡ? ಹೆಂಗಸರೆಲ್ಲ ಕೈ ಎತ್ತಿ ಒಪ್ಪಿದರು. ಮರುವಾರವೇ ಪುರಸಭೆಯಿಂದ ಬರುತ್ತಿದ್ದ ಮಕ್ಕಳ ಹಾಲು ನಿಂತಿತು.

ಈ ಸಲ ಅಕ್ಕಿ, ಎಣ್ಣೆಯ ಸರದಿ.

"ತಾಯಂದಿರಾ, ಇದನ್ನ ಕಡಿತ ಅನ್ಬೇಡಿ," ಎಂದ. "ಇದು ಹೊಂದಾಣಿಕೆ. ಸರ್ಕಾರಾನೂ ಒಂದು ಸಂಸಾರ ಇದ್ದಂಗೆ. ದುಡ್ಡು ಕಮ್ಮಿಯಾದಾಗ ಮನೆಯೊಡತಿ ಏನ್ ಮಾಡ್ತಾಳೆ? ಕೈ ಬಿಗಿ ಹಿಡೀತಾಳೆ."

ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಪ್ಲಾಸಿದಾ ತಲೆಯಾಡಿಸಿದಳು. "ಅವ್ರು ಹೇಳೋದೂ ಸರೀನೇ ಅಲ್ವೇನೇ, ಹಸಿಂತಾ? ಬಿಗಿ ಹಿಡೀಲೇಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. ಅವಳಿಗೆ ನಾಲ್ಕು ಮಕ್ಕಳು. ಮಧ್ಯಾಹ್ನ ಅವು ಉಣ್ಣುವುದು ಈ ಹಂಡೆಯಿಂದಲೇ. ಅಂಥವಳ ಬಾಯಲ್ಲಿ ಅವನ ಮಾತು!

"ನನ್ನ ಸಂಸಾರದಲ್ಲಿ ಅಕ್ಕಿ ಕಮ್ಮಿಯಾದ್ರೆ ಸಾರಿಗೆ ನೀರು ಹಾಕ್ತೀನಿ, ಸಾಹೇಬ್ರೇ," ಎಂದೆ. "ಎಲ್ರಿಗೂ ತೆಳ್ಳಗಾಗುತ್ತೆ. ಸೌಟು ಹಿಡಿದೋಳು ಕೊನೇಲಿ ಉಣ್ತಾಳೆ. ಒಂದು ಮಗೂನ ಆಚೆ ತಳ್ಳಿ ಅದಕ್ಕೆ ಹೊಂದಾಣಿಕೆ ಅಂತ ಹೆಸರಿಡಲ್ಲ. ಬನ್ನಿ, ಸಾಲಿಂದ ಯಾರ ಪಾತ್ರೆ ಎತ್ತಬೇಕೋ ನೀವೇ ಎತ್ತಿ."

ಆತ ನಕ್ಕ. "ಪಾತ್ರೆ ವಿಷಯ ಅಲ್ಲಮ್ಮ ಇದು. ಶುಕ್ರವಾರ ಎಲ್ರೂ ಕಚೇರಿಗೆ ಬಂದು ಒಪ್ಪಿಗೆ ಕೊಡಿ, ಅಷ್ಟೇ."

ಮಕ್ಕಳನ್ನೂ ಕಟ್ಟಿಕೊಂಡು ಹೋದೆವು, ಬರಿಗೈಯಲ್ಲಿ ಅಲ್ಲ. ಕಚೇರಿ ತೆರೆಯುವ ಮುಂಚೆಯೇ ಮೆಟ್ಟಿಲ ತುಂಬ, ಬಾಗಿಲ ತನಕ, ಕಾಲಿಡಲು ಜಾಗವಿಲ್ಲದಂತೆ ಪಾತ್ರೆ ಜೋಡಿಸಿದೆವು. ಎದುರು ಬೀದಿಯಲ್ಲಿ ಒಲೆ ಹೂಡಿ ಹಂಡೆ ಏರಿಸಿದೆವು. ರೇಡಿಯೋದ ಹುಡುಗಿಯೊಬ್ಬಳು ಮೈಕು ಹಿಡಿದು ಬಂದಳು.

"ನೀವು ಹೊಂದಾಣಿಕೇನ ವಿರೋಧಿಸ್ತಿದೀರಾ?"

"ಆ ಮಾತನ್ನ ನನ್ನ ಬಾಯಿಗೆ ತುರುಕಬೇಡ ಕಣಮ್ಮ. ಮಕ್ಕಳ ಊಟ ಕಿತ್ಕೊಳ್ತಿದಾರೆ. ಹಂಗೇ ಹೇಳು."

ಅಷ್ಟರಲ್ಲಿ ಬುಸ್ತಿಲ್ಲೋಸ್ ಬಂದ. ಒಳಗೆ ಹೋಗಬೇಕಾದರೆ ಒಂದು ಪಾತ್ರೆಯನ್ನಾದರೂ ಎತ್ತಲೇಬೇಕಿತ್ತು. ಬಗ್ಗಿ, ಕಾಲ ಬಳಿಯ ಪಾತ್ರೆಗೆ ಕೈ ಹಾಕಿದ.

"ಹೆಸರು ಓದಿ ಎತ್ರೀ!"

ಕೂಗಿದವಳು ಪ್ಲಾಸಿದಾ. ಪಾತ್ರೆ ಅವಳದೇ. ಓಡಿಬಂದು ಆತನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಳು. "ಜೋರಾಗಿ ಓದಿ. ಆಮೇಲೆ ನನ್ನ ಮಕ್ಕಳ ಮುಖ ನೋಡ್ಕೊಂಡು ಹೊಂದಾಣಿಕೆ ಅನ್ನಿ, ಕೇಳೋಣ."

ರೇಡಿಯೋದವಳು ಮೈಕನ್ನು ಆತನ ಬಾಯಿಯ ಹತ್ತಿರ ತಂದಳು. ಆತ ಪಾತ್ರೆ ನೋಡಿದ, ಮೈಕು ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡ. ನನಗಾದ ಖುಷಿ ಅಷ್ಟಿಷ್ಟಲ್ಲ.

ಮಧ್ಯಾಹ್ನವಾಯಿತು. ನಾವು ಒಪ್ಪಿಗೆ ಕೊಡಲಿಲ್ಲ, ಆತ ಒಳಗೆ ಹೋಗಲಿಲ್ಲ. ಸಾರು ಕುದಿಯಿತು. ನಾನು ಸೌಟು ಎತ್ತಿಕೊಂಡೆ.

"ಹಸಿವಾಗಿದ್ರೆ ನಿಮ್ದೂ ಒಂದು ಪಾತ್ರೆ ತಂದು ಸಾಲಲ್ಲಿಡಿ, ಸಾಹೇಬ್ರೇ," ಎಂದೆ. "ನಾವು ಯಾರದ್ದನ್ನೂ ಎತ್ತಲ್ಲ."